ಕಾವಲುಗಾರನೂ ಊರವರ ನಂಬುಗೆಯೂ

ಊರು ಎಂದ ಮೇಲೆ ಕಾವಲು ಬೇಕು. ಕಾವಲು ಎಂದ ಮೇಲೆ ಕಾವಲುಗಾರನು ಹತ್ತು ಜನರ ಕಣ್ಣಿಗೆ ಬೀಳಬೇಕು. ಇದು ಲೋಕವೆಲ್ಲ ಒಪ್ಪಿದ ಮಾತು. ಇರುಳಿನಲ್ಲಿ ಪರಿಚಿತ ಕಾವಲಿನವನ ಕೋಲಿನ ಸದ್ದು ಕೇಳಿಬಂದರೆ ಮನೆಯ ಹಿರಿಯರು ನಿಶ್ಚಿಂತೆಯಿಂದ ಮಗ್ಗುಲು ಬದಲಿಸುತ್ತಾರೆ. ಆದರೆ ಬೂಟಿನ ಸಪ್ಪಳ ಕೇಳಿದೊಡನೆ ದೀಪವಾರಿಸಿ ಉಸಿರು ಬಿಗಿಹಿಡಿದು ಕುಳಿತ ಕಾಲವೂ ನಮ್ಮ ಸೀಮೆಯ ಚರಿತ್ರೆಯಲ್ಲಿ ಉಂಟು. ಎರಡು ಸಂದರ್ಭಗಳಲ್ಲಿಯೂ ಕಾವಲಿನವನು ಜನರಿಗೆ ಕಾಣಿಸಿಕೊಂಡವನೇ. ಒಂದೆಡೆಯಲ್ಲಿ ನಂಬುಗೆ ಹುಟ್ಟಿತು, ಇನ್ನೊಂದೆಡೆಯಲ್ಲಿ ಭೀತಿ ಹುಟ್ಟಿತು. ಈ ಭೇದಕ್ಕೆ ಕಾರಣವೇನು?

ಕಾಸರಗೋಡಿನಂತಹ ಗಡಿನಾಡಿನಲ್ಲಿ ಬಾಳುವವರಿಗೆ ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಆಳುವವರು ನಮ್ಮ ಪಾಲಿಗೆ ಹಲವು ಬಾರಿ ಬದಲಾದರು. ಆಡಳಿತದ ಭಾಷೆ ಬದಲಾಯಿತು. ಠಾಣೆಯ ಮುಂದಿನ ಫಲಕವೂ ಬದಲಾಯಿತು. ಆದರೆ ಕಷ್ಟ ಬಂದಾಗ ಸಾಮಾನ್ಯ ಮನುಷ್ಯನು ಹೋಗಿ ನಿಲ್ಲಬೇಕಾದ ಬಾಗಿಲು ಅದೊಂದೇ. ಆ ಬಾಗಿಲಿನಲ್ಲಿ ನಿಂತಾಗ ಅವನಿಗೆ ಧೈರ್ಯ ಬರುತ್ತದೆಯೋ ಅಥವಾ ಕಾಲು ನಡುಗುತ್ತದೆಯೋ ಎಂಬುದರ ಮೇಲೆ ಸರಕಾರದ ಬಗೆಗಿನ ಅವನ ಅಭಿಪ್ರಾಯವೆಲ್ಲ ನಿಂತಿದೆ. ಆದುದರಿಂದ ಕಾವಲಿನ ಚರಿತ್ರೆಯನ್ನು ಒಮ್ಮೆ ಹಿಂದಿನಿಂದ ಮುಂದಕ್ಕೆ ನೋಡಿಕೊಂಡು ಬರುವುದು ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಉಚಿತವಾಗಿಯೇ ಇದೆ.

ಕನ್ನಡದಲ್ಲಿ ಕಾವಲಿನವನಿಗೆ ಇರುವ ಹಳೆಯ ಹೆಸರು ತಳಾರ, ತಳವಾರ. ಇದು ಬಹು ಪ್ರಾಚೀನವಾದ ಶಬ್ದ. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ ಎಂಬುದು ದೊಡ್ಡ ಅಧಿಕಾರಿಗಳ ಬಿರುದಾಗಿ ಕಾಣಿಸುತ್ತದೆ. ನಮ್ಮ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಯಮದಂಡನೆಂಬ ತಳಾರನು ಬರುತ್ತಾನೆ. ಅರಸನ ಹಾರ ಕಳುವಾದಾಗ ಗಡುವಿನೊಳಗೆ ಕಳ್ಳನನ್ನು ಹಿಡಿದು ತರುವ ಹೊಣೆ ಅವನ ಮೇಲೆ ಬೀಳುತ್ತದೆ. ತಾರದಿದ್ದರೆ ದಂಡನೆ ಅವನಿಗೇ. ಕಾಲಕ್ರಮದಲ್ಲಿ ಈ ಶಬ್ದವು ಅರಮನೆಯಿಂದ ಇಳಿದು ಹಳ್ಳಿಗೆ ಬಂದಿತು. ಊರ ಗಡಿಯನ್ನು ಬಲ್ಲವನು, ಹೊಸಬರು ಬಂದರೆ ಗುರುತಿಡುವವನು, ಬೆಳೆಯನ್ನೂ ದನವನ್ನೂ ಕಾಯುವವನು ತಳವಾರನೆನಿಸಿಕೊಂಡನು. ಪದವಿ ಕಿರಿದಾದರೂ ಅವನ ಕೆಲಸದ ಹುರುಳು ಬದಲಾಗಲಿಲ್ಲ. ಕಳುವಾದುದಕ್ಕೆ ಕಾವಲಿನವನೇ ಹೊಣೆ ಎಂಬ ನಿಯಮವು ಹಾಗೆಯೇ ಉಳಿಯಿತು.

ಈ ನಿಯಮವು ಕಥೆಗಳಲ್ಲಿ ಮಾತ್ರ ಇದ್ದುದಲ್ಲ. ೧೪೪೩ರಲ್ಲಿ ಪಾರಸಿಕ ದೇಶದ ರಾಯಭಾರಿಯಾದ ಅಬ್ದುಲ್ ರಜಾಕನು ಕಲ್ಲಿಕೋಟೆಯಿಂದ ಹೊರಟು ನಮ್ಮ ಕರಾವಳಿಯ ಮಾರ್ಗವಾಗಿ ಮಂಗಳೂರನ್ನು ಸೇರಿ, ಅಲ್ಲಿಂದ ಘಟ್ಟವೇರಿ ವಿಜಯನಗರಕ್ಕೆ ಹೋದನು. ಆ ಪಟ್ಟಣದ ನಗರಾಧ್ಯಕ್ಷನ ಕೈಕೆಳಗೆ ಹನ್ನೆರಡು ಸಾವಿರ ಕಾವಲಿನವರು ಇದ್ದರೆಂದೂ, ಏಳು ಸುತ್ತಿನ ಕೋಟೆಯೊಳಗೆ ನಡೆದ ಸಂಗತಿಗಳನ್ನೆಲ್ಲ ತಿಳಿದಿರುವುದೂ ಕಳೆದುಹೋದ ವಸ್ತುವನ್ನು ಹುಡುಕಿ ಕೊಡುವುದೂ ಅವರ ಕರ್ತವ್ಯವೆಂದೂ, ತಪ್ಪಿದರೆ ಅವರೇ ದಂಡ ತೆರಬೇಕಾಗಿತ್ತೆಂದೂ ಅವನು ಬರೆದಿಟ್ಟಿದ್ದಾನೆ. ಮುಂದಿನ ಶತಮಾನದಲ್ಲಿ ಬಂದ ಪೋರ್ಚುಗೀಸ್ ವರ್ತಕ ನೂನಿಜನೂ ಇಂತಹುದೇ ಮಾತನ್ನು ಹೇಳುತ್ತಾನೆ. ದಾರಿಯಲ್ಲಿ ದರೋಡೆಗೊಳಗಾದವನು ಅರಸನಲ್ಲಿ ದೂರಿಕೊಂಡರೆ ಆ ಪ್ರಾಂತದ ನಾಯಕನನ್ನೇ ಕರೆಸಿ ಕೇಳುತ್ತಿದ್ದರಂತೆ; ಕಳ್ಳನನ್ನು ಹಿಡಿದು ಕೊಡದಿದ್ದರೆ ಆ ನಾಯಕನ ಆಸ್ತಿಗೇ ಸಂಚಕಾರ ಒದಗುತ್ತಿತ್ತಂತೆ.

ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹನ್ನೆರಡು ಸಾವಿರ ಮಂದಿ ಕಣ್ಣಿಗೆ ಕಾಣುತ್ತಿದ್ದರು ಎಂಬುದಷ್ಟೇ ಪಟ್ಟಣಿಗರ ನೆಮ್ಮದಿಗೆ ಕಾರಣವಾಗಿರಲಾರದು. ತನ್ನ ಮನೆ ದೋಚಿಹೋದರೆ ಕೇಳುವುದಕ್ಕೆ ಒಬ್ಬನಿದ್ದಾನೆ, ಅವನು ಉತ್ತರ ಕೊಡಲೇಬೇಕು ಎಂಬ ಅರಿವು ಅದಕ್ಕಿಂತ ದೊಡ್ಡದು. ಕಾಣುವುದು ಒಂದು, ಉತ್ತರ ಕೊಡುವುದು ಇನ್ನೊಂದು. ಎರಡೂ ಕೂಡಿದಲ್ಲಿ ಮಾತ್ರ ನಂಬುಗೆ ಬೇರು ಬಿಡುತ್ತದೆ. ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತೂ ಇದೇ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಭ್ರಮಿಸಬೇಕಾಗಿಲ್ಲ. ವಿಜಯನಗರದ ಅನಂತರ ನಾಡು ತುಂಡುತುಂಡಾದಾಗ ಪಾಳೆಯಗಾರರು ಕಾವಲಿನ ಹೆಸರಿನಲ್ಲಿ ಹಣ ವಸೂಲು ಮಾಡತೊಡಗಿದರು. ಕೊಟ್ಟವರಿಗೆ ರಕ್ಷಣೆ, ಕೊಡದವರಿಗೆ ಲೂಟಿ ಎಂಬ ಸ್ಥಿತಿ ಎಷ್ಟೋ ಕಡೆಗಳಲ್ಲಿ ಬಂದಿತು. ಹಳ್ಳಿಯ ತಳವಾರನೋ ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವನು. ಉಳ್ಳವರ ಮನೆಯನ್ನು ಕಾಯುವುದು ಅವನ ಪಾಲಿಗೆ ಬಂದಿತು. ಆದರೆ ಅವನ ಗುಡಿಸಲನ್ನು ಕಾಯುವವರು ಯಾರೂ ಇರಲಿಲ್ಲ. ಊರ ನಂಬುಗೆಯಲ್ಲಿ ಊರಿನ ಎಲ್ಲರಿಗೂ ಸಮಪಾಲು ಇರಲಿಲ್ಲವೆಂಬುದನ್ನು ಮರೆಯಲಾಗದು.

ನಮ್ಮ ತುಳುನಾಡಿನ ಭೂಸ್ಥಿತಿ ಬೇರೆ. ಘಟ್ಟದ ಮೇಲಿನಂತೆ ಇಲ್ಲಿ ಒತ್ತೊತ್ತಾದ ಮನೆಗಳ ಹಳ್ಳಿಗಳಿಲ್ಲ. ಒಂದು ತೋಟ, ಒಂದು ಬಯಲು, ನಡುವೆ ಒಂದು ಮನೆ. ಮತ್ತೊಂದು ಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಬೀದಿಯೇ ಇಲ್ಲದ ಊರಿನಲ್ಲಿ ಬೀದಿಯ ಕಾವಲು ಹೇಗೆ? ಆದುದರಿಂದ ಇಲ್ಲಿ ಕಾವಲೆಂದರೆ ತಿರುಗುವವನಿಗಿಂತ ಹೆಚ್ಚಾಗಿ ಬಲ್ಲವನು. ಪಟೇಲ, ಶ್ಯಾನುಭೋಗ, ಉಗ್ರಾಣಿ ಎಂಬ ಮೂವರು ಗ್ರಾಮಾಧಿಕಾರಿಗಳಲ್ಲಿ ಉಗ್ರಾಣಿಯು ಮನೆಮನೆಗೆ ಹೋಗುವವನಾಗಿದ್ದನು. ಯಾರ ಮನೆಯಲ್ಲಿ ಜಗಳ, ಯಾರ ಮನೆಗೆ ನೆಂಟರು, ಯಾವ ಬೇಲಿಗೆ ತಕರಾರು ಎಂಬುದೆಲ್ಲ ಅವನಿಗೆ ಗೊತ್ತು. ಅವನನ್ನು ಜನರು ಪ್ರೀತಿಸಿದರೋ ಇಲ್ಲವೋ, ಅವನು ಯಾರೆಂಬುದನ್ನು ಮಾತ್ರ ಎಲ್ಲರೂ ಬಲ್ಲವರಾಗಿದ್ದರು.

೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೆನರಾ ಸೀಮೆ ಕಂಪೆನಿಯ ವಶವಾಯಿತು. ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ೧೮೦೦ರಲ್ಲಿ ಅವನು ಇಲ್ಲಿಂದ ಬಳ್ಳಾರಿ, ಆದೋನಿ, ರಾಯದುರ್ಗಗಳನ್ನು ಒಳಗೊಂಡ ದತ್ತಮಂಡಲಕ್ಕೆ ವರ್ಗವಾಗಿ ಹೋಗಿ ೧೮೦೭ರವರೆಗೆ ಅಲ್ಲಿದ್ದನು. ಇತ್ತ ಕಂಪೆನಿಯವರು ಬಂಗಾಳದ ಮಾದರಿಯನ್ನು ೧೮೦೨ರಿಂದ ಮದ್ರಾಸು ಆಧಿಪತ್ಯಕ್ಕೂ ತಂದು, ಊರಿಗೆ ಪರಕೀಯನಾದ ದರೋಗ ಎಂಬ ಸಂಬಳದ ಅಧಿಕಾರಿಯನ್ನು ಠಾಣೆಗಳಲ್ಲಿ ಕೂರಿಸಿದರು. ದರೋಗನು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದನು. ಆದರೆ ಅವನಿಗೆ ಊರು ಗೊತ್ತಿರಲಿಲ್ಲ, ಊರಿಗೆ ಅವನು ಬೇಕಿರಲಿಲ್ಲ. ಹಳ್ಳಿಯ ಕಾವಲನ್ನು ಹಳ್ಳಿಗೇ ಮರಳಿಸಬೇಕೆಂಬುದು ಮನ್ರೋವಿನ ವಾದವಾಗಿತ್ತು. ಅವನ ಪ್ರಯತ್ನದ ಫಲವಾಗಿ ೧೮೧೬ರ ೧೧ನೆಯ ರೆಗ್ಯುಲೇಷನ್ ಜಾರಿಗೆ ಬಂದು, ದರೋಗರು ಹೋಗಿ ಪಟೇಲರೂ ತಳವಾರರೂ ಮತ್ತೆ ಕಾವಲಿಗೆ ನಿಂತರು.

ಇಷ್ಟಾದರೂ ಆ ಏರ್ಪಾಡಿನಲ್ಲಿ ಒಂದು ದೋಷ ಅಡಗಿತ್ತು. ಕಂದಾಯ ವಸೂಲು ಮಾಡುವ ತಹಶೀಲ್ದಾರನೇ ಪೋಲೀಸಿನ ಮುಖ್ಯಸ್ಥ. ಅವನ ಮೇಲಿನ ಕಲೆಕ್ಟರನೇ ಮ್ಯಾಜಿಸ್ಟ್ರೇಟ. ಊರಿನ ಪರಿಚಿತ ಕಾವಲುಗಾರನು ಈಗ ಊರಿಗೆ ಉತ್ತರ ಕೊಡುವವನಾಗಿ ಉಳಿಯದೆ ಮೇಲಿನ ಕಚೇರಿಗೆ ಉತ್ತರ ಕೊಡುವವನಾದನು. ಕಂದಾಯ ಬಾರದಿದ್ದಲ್ಲಿ ರೈತನನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು, ಬೆನ್ನಿನ ಮೇಲೆ ಕಲ್ಲು ಹೇರುವುದು, ಮರದ ಹಲಗೆಗಳ ನಡುವೆ ಬೆರಳುಗಳನ್ನು ಹಿಸುಕುವುದು ಮೊದಲಾದ ಕ್ರೌರ್ಯಗಳು ನಡೆದವು. ಕಳವಿನ ಗುಮಾನಿಯಲ್ಲಿ ಹಿಡಿದವರಿಂದ ತಪ್ಪೊಪ್ಪಿಗೆ ಪಡೆಯುವುದಕ್ಕೂ ಅದೇ ಉಪಾಯ. ಸುದ್ದಿ ಬ್ರಿಟಿಷ್ ಪಾರ್ಲಿಮೆಂಟನ್ನು ಮುಟ್ಟಿತು. ೧೮೫೪ರಲ್ಲಿ ವಿಚಾರಣೆಗೆಂದು ಮೂವರ ಸಮಿತಿಯೊಂದು ನೇಮಕವಾಯಿತು. ದೂರದ ಜಿಲ್ಲೆಗಳಿಂದ ಜನರು ಮದ್ರಾಸಿಗೆ ಬಂದು ತಮ್ಮ ಗೋಳನ್ನು ಹೇಳಿಕೊಂಡರು. ೧೮೫೫ರಲ್ಲಿ ಸಮಿತಿಯು ಹಿಂಸೆ ನಡೆದುದು ನಿಜವೆಂದು ಒಪ್ಪಿ, ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಟೀಕೆ ಬೇಕಿಲ್ಲ.

ಹೀಗಾಗಿ ೧೮೫೯ರ ೨೪ನೆಯ ಕಾಯಿದೆಯ ಮೂಲಕ ಮದ್ರಾಸಿನಲ್ಲಿ ಹೊಸ ಪೋಲೀಸು ದಳ ಹುಟ್ಟಿತು. ೧೮೬೧ರಲ್ಲಿ ಪೋಲೀಸು ಕಾಯಿದೆಯು ಬ್ರಿಟಿಷ್ ಇಂಡಿಯಾಕ್ಕೆಂದು ಬಂದಿತು. ಸಮವಸ್ತ್ರ, ಕವಾಯತು, ತಿಂಗಳ ಸಂಬಳ, ಮೇಲಧಿಕಾರಿಗಳ ಸಾಲು ಎಲ್ಲವೂ ಬಂದವು. ನಮ್ಮ ತಾಲೂಕಿನ ಜನರು ಇಂದಿನ ಅರ್ಥದಲ್ಲಿ ‘ಪೋಲೀಸಿನವನು’ ಎಂಬ ಮನುಷ್ಯನನ್ನು ಕಂಡುದು ಇದರ ಮೇಲೆಯೇ. ಈ ದಳವು ಯಾವ ಅಚ್ಚಿನಲ್ಲಿ ಎರಕ ಹೊಯ್ದುದು ಎಂಬುದನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹೊತ್ತು ಸಮುದ್ರದಾಚೆಗೆ ಹೋಗಬೇಕು.

ಇಂಗ್ಲೆಂಡಿನ ಮಂತ್ರಿಯಾಗಿದ್ದ ರಾಬರ್ಟ್ ಪೀಲನಿಗೆ ಕಾವಲಿನ ಎರಡು ಬಗೆಗಳೊಡನೆ ಸಂಬಂಧವುಂಟು. ಅವನು ಐರ್ಲೆಂಡಿನಲ್ಲಿ ಅಧಿಕಾರಿಯಾಗಿದ್ದಾಗ ೧೮೧೪ರಲ್ಲಿ ಶಾಂತಿಪಾಲನೆಯ ದಳವೊಂದನ್ನು ಕಟ್ಟಿದನು. ಅದು ಬೆಳೆದು ಮುಂದೆ ಐರಿಷ್ ಕಾನ್‌ಸ್ಟೇಬ್ಯುಲರಿಯಾಯಿತು. ಆ ಪೋಲೀಸರು ಬಂದೂಕು ಹಿಡಿದು ಬ್ಯಾರಕುಗಳಲ್ಲಿ ವಾಸಿಸುವವರು. ಅವರನ್ನು ಅವರವರ ಹುಟ್ಟೂರಿನ ಜಿಲ್ಲೆಯಲ್ಲಿ ಕೆಲಸಕ್ಕೆ ಇಡುತ್ತಿರಲಿಲ್ಲ. ಜನರೊಡನೆ ಬೆರೆಯಬಾರದೆಂಬುದೇ ಅದರ ಉದ್ದೇಶ. ಅದೇ ಪೀಲನು ೧೮೨೯ರಲ್ಲಿ ಲಂಡನ್ ಪಟ್ಟಣಕ್ಕಾಗಿ ಕಟ್ಟಿದ ದಳವಾದರೋ ತೀರ ಭಿನ್ನವಾದುದು. ಸೈನ್ಯದ ಕೆಂಪು ಅಂಗಿಯ ನೆನಪು ಬಾರದಿರಲೆಂದು ಅವರಿಗೆ ನೀಲಿ ಅಂಗಿ ಕೊಟ್ಟರು. ಕೈಯಲ್ಲಿ ಬಂದೂಕಿಲ್ಲ, ಒಂದು ಮೋಟುಗೋಲು ಮಾತ್ರ. ಕತ್ತುಪಟ್ಟಿಯ ಮೇಲೆ ಅಂಕೆ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಜನರು ಆ ಅಂಕೆಯನ್ನು ಹೇಳಿ ದೂರು ಕೊಡಬಹುದು. ದಿನವೂ ಗೊತ್ತಾದ ಹಾದಿಯಲ್ಲಿ ನಡೆದುಕೊಂಡೇ ತಿರುಗಬೇಕು. ಮೇಲಿನವರಾಗಲಿ ಕೆಳಗಿನವರಾಗಲಿ ಎಲ್ಲರೊಡನೆಯೂ ಮರ್ಯಾದೆಯಿಂದ ಮಾತನಾಡಬೇಕು.

ಆದರೂ ಲಂಡನ್ನಿನ ಜನರು ಒಂದೇ ದಿನದಲ್ಲಿ ಅವರನ್ನು ನಂಬಲಿಲ್ಲ. ೧೮೩೩ರಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಸಭೆಯನ್ನು ಚದರಿಸಲು ಹೋದ ಒಬ್ಬ ಪೋಲೀಸಿನವನು ಇರಿತಕ್ಕೊಳಗಾಗಿ ಸತ್ತನು. ಸಾವಿನ ವಿಚಾರಣೆಗೆ ಕುಳಿತ ಪಂಚರು ಅದು ಸಮರ್ಥನೀಯವಾದ ಕೊಲೆಯೆಂದೇ ತೀರ್ಪಿತ್ತರು! ನ್ಯಾಯಾಲಯವು ಆ ತೀರ್ಪನ್ನು ಅನಂತರ ರದ್ದುಗೊಳಿಸಿತಾದರೂ ಜನರ ಮನಸ್ಸು ಎಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ. ನಾಲ್ಕು ವರುಷ ಹಗಲೂ ರಾತ್ರಿ ಕಣ್ಣೆದುರು ತಿರುಗಿದರೂ ನಂಬುಗೆ ಬಂದಿರಲಿಲ್ಲ. ಅಂಕೆ ಹೇಳಿ ದೂರಿದಾಗ ತಪ್ಪಿತಸ್ಥನನ್ನು ತೆಗೆದುಹಾಕುತ್ತಾರೆ, ಕರೆದಾಗ ಬರುತ್ತಾರೆ, ಕೈಯಲ್ಲಿ ಬಂದೂಕಿಲ್ಲದೆಯೇ ಕೆಲಸ ಸಾಗಿಸುತ್ತಾರೆ ಎಂಬುದನ್ನು ಹಲವು ದಶಕಗಳ ಕಾಲ ಕಂಡ ಮೇಲಷ್ಟೇ ಅದು ಬಂದಿತು.

ಇವೆರಡರಲ್ಲಿ ನಮ್ಮ ದೇಶಕ್ಕೆ ಬಂದುದು ಯಾವುದು? ೧೮೪೩ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರನು ಅಲ್ಲಿ ಐರ್ಲೆಂಡಿನ ಮಾದರಿಯನ್ನು ನೆಟ್ಟನು. ಅನಂತರ ಬಂದ ಪೋಲೀಸು ವ್ಯವಸ್ಥೆಗಳ ಮೇಲೆಲ್ಲ ಅದರ ನೆರಳು ಬಿದ್ದಿತು. ಲಂಡನ್ನಿನವರಿಗೆ ಲಂಡನ್ನಿನ ಪೋಲೀಸು. ಅಧೀನ ದೇಶದವರಿಗೆ ಐರ್ಲೆಂಡಿನ ಪೋಲೀಸು! ಫಲವೇನಾಯಿತೆಂಬುದಕ್ಕೆ ಸರಕಾರದ್ದೇ ಸಾಕ್ಷಿಯಿದೆ. ೧೯೦೨ರಲ್ಲಿ ಆಂಡ್ರೂ ಫ್ರೇಸರನ ಅಧ್ಯಕ್ಷತೆಯಲ್ಲಿ ನೇಮಕವಾದ ಪೋಲೀಸು ಆಯೋಗವು ತನ್ನ ವರದಿಯಲ್ಲಿ, ಪೋಲೀಸರಿಗೆ ತರಬೇತಿ ಸಾಲದು, ಮೇಲ್ವಿಚಾರಣೆ ಸಾಲದು, ಅವರು ಲಂಚಕೋರರೂ ಪೀಡಕರೂ ಎಂದು ಜನರು ಸಾಮಾನ್ಯವಾಗಿ ಭಾವಿಸಿದ್ದಾರೆ, ಜನರ ವಿಶ್ವಾಸವನ್ನೂ ಮನಃಪೂರ್ವಕವಾದ ಸಹಕಾರವನ್ನೂ ಪಡೆಯುವುದರಲ್ಲಿ ಈ ದಳವು ಪೂರ್ತಿಯಾಗಿ ಸೋತಿದೆ ಎಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿತು. ನಲವತ್ತಕ್ಕೂ ಹೆಚ್ಚು ವರುಷ ಸಮವಸ್ತ್ರ ತೊಟ್ಟು ಕಣ್ಣಿಗೆ ಕಾಣಿಸಿಕೊಂಡ ದಳದ ಗಳಿಕೆ ಇಷ್ಟೇ.

ಇದರ ಅತಿ ದಾರುಣವಾದ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಅಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದ ಕಯ್ಯೂರಿನಲ್ಲಿ ೧೯೪೧ರ ಮಾರ್ಚಿ ತಿಂಗಳಲ್ಲಿ ನಡೆದ ಘಟನೆಯನ್ನು ಹಿರಿಯರ ಬಾಯಲ್ಲಿ ಕೇಳದವರು ವಿರಳ. ಜಮೀನುದಾರಿಯ ವಿರುದ್ಧ ರೈತರು ಸಂಘಟಿತರಾಗಿದ್ದರು. ಪೋಲೀಸರು ಊರೊಳಗೆ ನುಗ್ಗಿ ಮನೆಗಳನ್ನು ಶೋಧಿಸಿ ರೈತ ಕಾರ್ಯಕರ್ತರನ್ನು ಹಿಡಿದೊಯ್ದಿದ್ದರು. ಮಾರ್ಚಿ ೨೮ರಂದು ಪ್ರತಿಭಟನೆಯ ಮೆರವಣಿಗೆ ಸಾಗುತ್ತಿದ್ದಾಗ ಒಬ್ಬ ಪೋಲೀಸಿನವನು ಜನರ ಕಣ್ಣಿಗೆ ಬಿದ್ದನು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕಿದ ಅವನು ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡನು. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು ೧೯೪೩ರ ಮಾರ್ಚಿ ೨೯ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಎಂಬ ಕಾದಂಬರಿಯು (೧೯೫೫) ಈ ಘಟನೆಯನ್ನು ಆಧರಿಸಿದುದು.

ರಾಜಕೀಯದ ದೃಷ್ಟಿಯಿಂದ ಕಯ್ಯೂರಿನ ಬಗ್ಗೆ ಬಹಳಷ್ಟು ಚರ್ಚೆ ನಡೆದಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ವಿಷಯಕ್ಕೆ ಸಂಬಂಧಿಸಿದ ಮಾತು ಒಂದೇ. ಸತ್ತ ಆ ಪೋಲೀಸಿನವನೂ ಸಂಬಳಕ್ಕೆ ದುಡಿಯುವ ಸಾಮಾನ್ಯ ಮನುಷ್ಯ; ಗಲ್ಲಿಗೇರಿದವರೂ ಆ ಮಣ್ಣಿನ ಮಕ್ಕಳೇ. ಅವರ ನಡುವೆ ಮಾತು ಎಂಬುದು ಉಳಿದಿರಲಿಲ್ಲ. ಶೋಧನೆಯ ಹೊತ್ತಿನಲ್ಲಿ ಮಾತ್ರ ಬಾಗಿಲಿಗೆ ಬರುವ ಸಮವಸ್ತ್ರವನ್ನು ಕಂಡಾಗ ಜನರಿಗೆ ಅದರೊಳಗಿನ ಮನುಷ್ಯ ಕಾಣುವುದಿಲ್ಲ. ಸಮವಸ್ತ್ರದೊಳಗಿನಿಂದ ನೋಡುವವನಿಗೂ ಗುಂಪು ಕಾಣುತ್ತದೆಯೇ ಹೊರತು ಮುಖಗಳು ಕಾಣುವುದಿಲ್ಲ. ಅಂತಹ ಸ್ಥಿತಿಯಲ್ಲಿ ಹೆಚ್ಚು ಪೋಲೀಸರನ್ನು ನಿಲ್ಲಿಸಿದಷ್ಟೂ ಊರಿನ ಎದೆಬಡಿತ ಹೆಚ್ಚುತ್ತದೆ.

ಸ್ವಾತಂತ್ರ್ಯ ಬಂದಿತು. ೧೯೫೬ರ ನವೆಂಬರು ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ೧೯೮೪ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಷ್ಟರಲ್ಲಿ ಪ್ರಪಂಚದ ಅನೇಕ ದೇಶಗಳಲ್ಲಿ ಪೋಲೀಸರು ಕಾಲ್ನಡಿಗೆಯನ್ನು ಬಿಟ್ಟು ಮೋಟಾರು ಹತ್ತಿದ್ದರು. ವಾಹನ ಬೇಗ ಹೋಗುತ್ತದೆ, ಹೆಚ್ಚು ಬೀದಿಗಳನ್ನು ಸುತ್ತುತ್ತದೆ, ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಜನರಿಗೆ ಹೆಚ್ಚು ಧೈರ್ಯ ಬರುತ್ತದೆ ಎಂಬುದು ತರ್ಕ. ಈ ತರ್ಕವನ್ನು ಅಮೆರಿಕೆಯವರು ಒರೆಗಲ್ಲಿಗೆ ಹಚ್ಚಿ ನೋಡಿದರು. ೧೯೭೨ರ ಅಕ್ಟೋಬರಿನಿಂದ ಒಂದು ವರುಷ ಕಾನ್ಸಾಸ್ ಸಿಟಿಯಲ್ಲಿ ಹದಿನೈದು ಗಸ್ತಿನ ಪ್ರದೇಶಗಳನ್ನು ಆರಿಸಿ, ಐದರಲ್ಲಿ ವಾಹನದ ಗಸ್ತನ್ನು ನಿಲ್ಲಿಸಿ ಕರೆದಾಗ ಮಾತ್ರ ಹೋಗುವಂತೆ ಮಾಡಿದರು. ಐದರಲ್ಲಿ ಮೊದಲಿನಂತೆಯೇ ಬಿಟ್ಟರು. ಉಳಿದ ಐದರಲ್ಲಿ ಗಸ್ತನ್ನು ಎರಡು ಮೂರು ಪಾಲು ಹೆಚ್ಚಿಸಿದರು. ಕೊನೆಗೆ ಲೆಕ್ಕ ಹಾಕಿದಾಗ ಅಪರಾಧಗಳಲ್ಲಿಯೂ ಜನರ ಭಯದಲ್ಲಿಯೂ ಪೋಲೀಸರ ಬಗೆಗಿನ ಅಭಿಪ್ರಾಯದಲ್ಲಿಯೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗಸ್ತು ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನೇ ಸಾಮಾನ್ಯವಾಗಿ ಜನರು ಗಮನಿಸಿರಲಿಲ್ಲ!

ಕೆಲವು ವರುಷಗಳ ಮೇಲೆ ನ್ಯೂಅರ್ಕ್ ಎಂಬ ಪಟ್ಟಣದಲ್ಲಿ ೧೯೭೮-೭೯ರಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದರು. ೧೯೮೧ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಲ್ಲಿಯೂ ಅಪರಾಧಗಳ ಸಂಖ್ಯೆ ಇಳಿಯಲಿಲ್ಲ. ಆದರೆ ನಡೆದು ತಿರುಗುವ ಪೋಲೀಸರನ್ನು ಜನರು ಗಮನಿಸಿದರು. ತಮ್ಮ ನೆರೆಕರೆ ಮೊದಲಿಗಿಂತ ಸುರಕ್ಷಿತವೆಂದು ಭಾವಿಸಿದರು. ಪೋಲೀಸರ ವಿಷಯದಲ್ಲಿ ಒಳ್ಳೆಯ ಮಾತನ್ನಾಡಿದರು. ಮೋಟಾರಿನೊಳಗಿನ ಮುಖ ಕ್ಷಣಮಾತ್ರದಲ್ಲಿ ಮಾಯವಾಗುತ್ತದೆ. ನಡೆದು ಬರುವವನ ಮುಖ ಪರಿಚಯವಾಗುತ್ತದೆ. ಅವನನ್ನು ತಡೆದು ಒಂದು ಮಾತು ಹೇಳಬಹುದು, ಒಂದು ಪ್ರಶ್ನೆ ಕೇಳಬಹುದು. ನಮ್ಮ ಹಿಂದಿನವರು ಉಗ್ರಾಣಿಯಲ್ಲಿ ಕಂಡುದೂ ಇದನ್ನೇ ಅಲ್ಲವೆ?

ಅಪರಾಧ ಕಡಿಮೆಯಾಗದೆ ಜನರಿಗೆ ಧೈರ್ಯ ಮಾತ್ರ ಬಂದರೆ ಅದು ಬರಿಯ ಭ್ರಾಂತಿಯಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ತಳ್ಳಿಹಾಕುವಂತಹುದಲ್ಲ. ಧೈರ್ಯವೊಂದೇ ಸಾಲದೆಂಬುದೂ ನಿಜ. ಆದರೆ ಭಯದಿಂದ ಸಂಜೆಯೇ ಬಾಗಿಲು ಹಾಕಿಕೊಳ್ಳುವ ಪೇಟೆಗೂ ರಾತ್ರಿ ಒಂಬತ್ತರವರೆಗೆ ಹೆಂಗಸರು ಮಕ್ಕಳು ಓಡಾಡುವ ಪೇಟೆಗೂ ಬಾಳುವೆಯಲ್ಲಿ ವ್ಯತ್ಯಾಸವಿಲ್ಲವೆ? ಅದೂ ಅಲ್ಲದೆ, ಪೋಲೀಸರು ಎಷ್ಟೇ ಚತುರರಾಗಿದ್ದರೂ ಅವರಿಗೆ ಸುಳಿವು ಕೊಡುವವರು ಊರಿನವರೇ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರೂ ಊರಿನವರೇ. ನಂಬುಗೆಯಿಲ್ಲದ ಊರಿನಲ್ಲಿ ಎಲ್ಲರೂ ಕುರುಡರು, ಎಲ್ಲರೂ ಮೂಕರು.

ಕೇರಳ ಸರಕಾರವು ೨೦೦೮ರಲ್ಲಿ ‘ಜನಮೈತ್ರಿ ಸುರಕ್ಷಾ’ ಎಂಬ ಯೋಜನೆಯನ್ನು ಮೊದಲು ಇಪ್ಪತ್ತು ಠಾಣೆಗಳಲ್ಲಿ ಆರಂಭಿಸಿದುದು ಈ ತಿಳಿವಳಿಕೆಯ ಮೇಲೆಯೇ. ಠಾಣೆಯ ಸರಹದ್ದನ್ನು ಸುಮಾರು ಐನೂರು ಮನೆಗಳ ಗಸ್ತುಗಳನ್ನಾಗಿ ವಿಂಗಡಿಸಿ, ಒಂದೊಂದು ಗಸ್ತಿಗೂ ಒಬ್ಬೊಬ್ಬ ಬೀಟ್ ಆಫೀಸರನನ್ನು ಗೊತ್ತುಮಾಡಿ, ಅವನು ಮನೆಮನೆಗೆ ಭೇಟಿಯಿತ್ತು ಜನರನ್ನು ಪರಿಚಯಿಸಿಕೊಳ್ಳಬೇಕು; ಊರಿನವರೂ ಪೋಲೀಸರೂ ಕೂಡಿದ ಸಮಿತಿಯು ಕಾಲಕಾಲಕ್ಕೆ ಸಭೆ ಸೇರಬೇಕು ಎಂಬುದು ಅದರ ಕ್ರಮ. ಮುಂದೆ ಅದು ಹಂತಹಂತವಾಗಿ ರಾಜ್ಯದಲ್ಲಿ ವಿಸ್ತರಿಸಿತು. ಒಂಟಿಮನೆಗಳ ನಮ್ಮ ನಾಡಿಗೆ ಇದಕ್ಕಿಂತ ಒಪ್ಪುವ ವಿಧಾನ ಬೇರೊಂದಿಲ್ಲ. ಗುಡ್ಡದಾಚೆಯ ತೋಟದಲ್ಲಿ, ಮಕ್ಕಳೆಲ್ಲ ಬೆಂಗಳೂರು ಮುಂಬಯಿ ಕೊಲ್ಲಿರಾಷ್ಟ್ರಗಳಿಗೆ ಹೋದ ಮೇಲೆ ಇಬ್ಬರೇ ಉಳಿದಿರುವ ಎಷ್ಟೋ ವೃದ್ಧ ದಂಪತಿಗಳಿದ್ದಾರೆ. ಪೇಟೆಯ ವೃತ್ತದಲ್ಲಿ ಇಪ್ಪತ್ತು ಮಂದಿ ಪೋಲೀಸರು ನಿಂತರೆ ಅವರಿಗೆ ಬರುವ ಭಾಗ್ಯವೇನು? ತಿಂಗಳಿಗೊಮ್ಮೆ ಅಂಗಳಕ್ಕೆ ಬಂದು ‘ಅಜ್ಜಾ, ಸೌಖ್ಯವೇ?’ ಎಂದು ಕೇಳುವ ಒಬ್ಬನಿಂದ ಬರುವ ಧೈರ್ಯ ದೊಡ್ಡದು.

ಇಲ್ಲಿಯೇ ಗಡಿನಾಡಿನವರ ವಿಶೇಷವಾದ ಪ್ರಶ್ನೆ ಹುಟ್ಟುತ್ತದೆ. ಅಂಗಳಕ್ಕೆ ಬಂದವನು ಯಾವ ಭಾಷೆಯಲ್ಲಿ ಕೇಳುತ್ತಾನೆ? ಸಪ್ತಭಾಷೆಗಳ ಸಂಗಮವೆನಿಸಿದ ಈ ನೆಲದಲ್ಲಿ ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮೊದಲಾದ ನುಡಿಗಳನ್ನು ಆಡುವವರು ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಸಂತೆಯಲ್ಲಿ ಕೊಳ್ಳುವುದಕ್ಕೆ ಅರೆಬರೆ ಮಲೆಯಾಳ ಸಾಕು. ಆದರೆ ಮಗಳು ಮನೆಗೆ ಬಂದಿಲ್ಲವೆಂದು ನಡುರಾತ್ರಿ ಠಾಣೆಗೆ ಓಡಿದ ತಾಯಿಯ ಬಾಯಲ್ಲಿ ಬರುವುದು ಅವಳ ಹೆತ್ತ ನುಡಿಯೇ. ಆಗ ಎದುರಿಗಿದ್ದವನಿಗೆ ಅದು ಅರ್ಥವಾಗದಿದ್ದರೆ ಅವನು ಎಷ್ಟು ಸಜ್ಜನನಾಗಿದ್ದರೇನು? ಕಾನೂನಿನ ಪ್ರಕಾರ ಬಾಯಿಮಾತಿನಲ್ಲಿ ಹೇಳಿದ ದೂರನ್ನು ಠಾಣೆಯವರು ಬರೆದುಕೊಂಡು ದೂರುದಾರನಿಗೆ ಓದಿ ಹೇಳಿ ಸಹಿ ಪಡೆಯಬೇಕು. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ನಿಯಮವಿದೆ. ಓದಿ ಹೇಳಿದುದು ಕೇಳುವವನಿಗೆ ತಿಳಿಯದಿದ್ದರೆ ಓದಿದುದಕ್ಕೆ ಅರ್ಥವೇನು? ತಾನು ಹೇಳಿದುದೊಂದು, ಬರೆದುದು ಇನ್ನೊಂದು ಎಂಬ ಸಂಶಯದ ಬೀಜ ಮೊಳೆಯುವುದು ಇಲ್ಲಿಯೇ.

ಇದಕ್ಕೆ ಶಾಸನದ ಆಧಾರವಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನು ನಮ್ಮ ಸಂವಿಧಾನದ ೩೫೦ನೆಯ ಅನುಚ್ಛೇದವು ಎಲ್ಲರಿಗೂ ಇತ್ತಿದೆ. ೧೯೬೯ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೇಟಿನೊಡನೆಯೂ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದೆಡೆಯ ಸ್ಥಳೀಯ ಸರಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ಹೇಳಿದೆ. ಠಾಣೆಯೂ ಸರಕಾರದ ಕಚೇರಿಯೇ. ಹಕ್ಕು ಪುಸ್ತಕದಲ್ಲಿ ಉಳಿಯುವುದೋ ನಾಲಗೆಗೆ ಬರುವುದೋ ಎಂಬುದು ಅದನ್ನು ಬಳಸುವವರನ್ನು ಅವಲಂಬಿಸಿದೆ.

ಆದುದರಿಂದ ನಮ್ಮಂತಹ ಸಂಘಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ಕನ್ನಡ ಬಲ್ಲ ಬೀಟ್ ಆಫೀಸರರನ್ನು ಕನ್ನಡದ ಮನೆಗಳಿರುವ ಗಸ್ತುಗಳಿಗೆ ನೇಮಿಸಬೇಕೆಂದು ವಿನಯದಿಂದಲೂ ಬಿಡದೆಯೂ ಕೇಳಬೇಕು. ಅನ್ಯಭಾಷಿಕ ಅಧಿಕಾರಿ ಬಂದರೆ ಅವನಿಗೆ ನಾಲ್ಕು ಕನ್ನಡ ಮಾ‌ತು ಕಲಿಸಲು ನಮ್ಮ ಹೈಸ್ಕೂಲುಗಳ ಅಧ್ಯಾಪಕರು ಮುಂದೆ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರೂ ಹುಡುಗಿಯರೂ ಮಲೆಯಾಳವನ್ನೂ ಚೆನ್ನಾಗಿ ಕಲಿತು ಪೋಲೀಸು ಕೆಲಸಕ್ಕೆ ಸೇರಬೇಕು. ಊರಿನ ಸಮಿತಿಯ ಸಭೆಗೆ ನಾವು ಹೋಗದೆ, ಅಲ್ಲಿ ನಮ್ಮ ಮಾತಿಗೆ ಬೆಲೆಯಿಲ್ಲವೆಂದು ಮನೆಯಲ್ಲಿ ಕುಳಿತು ಹೇಳುವುದರಿಂದ ಪ್ರಯೋಜನವಿಲ್ಲ. ಪೋಲೀಸರು ಉತ್ತರ ಕೊಡಬೇಕಾದರೆ ಪ್ರಶ್ನೆ ಕೇಳುವವರು ಎದುರಿಗೆ ಇರಬೇಕು.

ವಿಜಯನಗರದ ತಳಾರನಿಂದ ಇಂದಿನ ಬೀಟ್ ಆಫೀಸರನವರೆಗೆ ಐದಾರು ಶತಮಾನಗಳ ದಾರಿಯನ್ನು ನಾವು ನಡೆದು ಬಂದೆವು. ಕಾವಲಿನವನ ಉಡುಪು ಬದಲಾಯಿತು, ಹೆಸರು ಬದಲಾಯಿತು, ಅವನನ್ನು ನೇಮಿಸುವ ದೊರೆಗಳು ಬದಲಾದರು. ಆದರೆ ಜನರು ಅವನಲ್ಲಿ ನೋಡುವ ಗುಣಗಳು ಬದಲಾಗಲಿಲ್ಲ. ಇವನು ನಮ್ಮನ್ನು ಬಲ್ಲನೆ? ನಮ್ಮ ಮಾತು ಇವನಿಗೆ ತಿಳಿಯುತ್ತದೆಯೆ? ತಪ್ಪಿದರೆ ಇವನನ್ನು ಕೇಳುವವರಿದ್ದಾರೆಯೆ? ಈ ಮೂರು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬರುವ ಊರಿನಲ್ಲಿ ಒಬ್ಬ ಪೋಲೀಸಿನವನು ಸಾಕು. ‘ಇಲ್ಲ’ ಎಂಬ ಉತ್ತರ ಬರುವಲ್ಲಿ ನೂರು ಮಂದಿ ನಿಂತರೂ ಜನರಿಗೆ ನಿದ್ದೆ ಬಾರದು.